ಗಿಡ್ಡಿಯ ಹೊಟ್ಟೆಯಲ್ಲಿ ನೀರು

ನಾಗೇಂದ್ರನ ಕೋಪ ನಂಜನಗೂಡು ಬಸ್ ಸ್ಟ್ಯಾಂಡಿನ ಸುತ್ತಮುತ್ತ ಎಲ್ಲರಿಗೂ ಗೊತ್ತಿದ್ದ ಸಂಗತಿ. ಎಂಟನೇ ಕ್ಲಾಸಿನಲ್ಲಿ ಮೇಷ್ಟರು ಕೆನ್ನೆಗೆ ಬಿಗಿದರೆಂದು ಪುಸ್ತಕದ ಚೀಲವನ್ನು ಅವರ ಮೇಜಿನ ಮೇಲೇ ಬಿಸಾಕಿ ಎದ್ದು ಬಂದವನು ಮತ್ತೆ ಆ ಗೇಟಿನೊಳಗೆ ಕಾಲಿಟ್ಟಿರಲಿಲ್ಲ. ಕೈ ತೋರಿಸಿದರೂ ನಿಲ್ಲಿಸದ ಬಸ್ಸಿನ ಡ್ರೈವರು, ಅರ್ಜಿಯನ್ನು ಕೈಯಲ್ಲಿ ಮುಟ್ಟದೆ ಮೇಜಿನ ಮೇಲಿಡು ಎಂದ ಗುಮಾಸ್ತ, ಲೋಟ ಬೇರೆ ಇಟ್ಟಿದ್ದ ಹಳ್ಳಿ ಹೋಟೆಲಿನವನು, ಎಲ್ಲರ ಜೊತೆಗೂ ಅವನದೊಂದೊಂದು ಜಗಳ ಆಗಿತ್ತು. ಆದರೆ ಕೈಗೆ ವೆಲ್ಡಿಂಗ್ ಕಡ್ಡಿ ಬಂದರೆ ಆಸಾಮಿಯೇ ಬೇರೆ. ಇಪ್ಪತ್ತನಾಲ್ಕನೇ ವಯಸ್ಸಿಗೇ ಸ್ವಂತದ್ದೊಂದು ಶೆಡ್ಡು ಹಾಕಿಕೊಂಡಿದ್ದ. ನಾಗೇಂದ್ರ ಹಾಕಿದ ಬೆಸುಗೆ ಬಿಡುವುದಕ್ಕಿಂತ ಮುಂಚೆ ಅದರ ಪಕ್ಕದ ಕಬ್ಬಿಣ ಮುರಿಯುತ್ತದೆ ಎಂದು ಟ್ರ್ಯಾಕ್ಟರಿನವರು ಮಾತಾಡಿಕೊಳ್ಳುತ್ತಿದ್ದರು. ಅವನೂ ಅದನ್ನು ಹೇಳಿಕೊಂಡು ತಿರುಗುತ್ತಿದ್ದ.

ಅವನ ಅಪ್ಪ ಮಹದೇವಯ್ಯ ರೈಲ್ವೆಯಲ್ಲಿ ಫೈರ್‌ಮನ್ ಆಗಿದ್ದವನು. ಇಪ್ಪತ್ತೆರಡು ವರ್ಷ ಒಂದೇ ಎಂಜಿನ್ನಿಗೆ ಕಲ್ಲಿದ್ದಲು ತಿನ್ನಿಸಿದವನು. ಬೇರೆ ಎಂಜಿನ್ನುಗಳ ಬೆನ್ನಿಗೆ ನೀರು, ಕಲ್ಲಿದ್ದಲು ಹೊತ್ತ ಇನ್ನೊಂದು ಬಂಡಿ ಕಟ್ಟಿರುತ್ತದೆ. ಇದಕ್ಕೆ ಅದಿರಲಿಲ್ಲ. ನೀರು ಎರಡು ಪಕ್ಕೆಯ ತೊಟ್ಟಿಗಳಲ್ಲಿ, ಕಲ್ಲಿದ್ದಲು ಹಿಂದಿನ ಸಣ್ಣ ಗೂಡಿನಲ್ಲಿ. ತನ್ನದನ್ನೆಲ್ಲ ತಾನೇ ಹೊತ್ತುಕೊಂಡು ಓಡುವ ಟ್ಯಾಂಕ್ ಎಂಜಿನ್ನು. ಜನ ಅದನ್ನು ಗಿಡ್ಡಿ ಎಂದು ಕರೆಯುತ್ತಿದ್ದರು. ಬೆಳಗಿನ ಲೋಕಲ್ ಗಾಡಿಯಲ್ಲಿ ಗುಮಾಸ್ತರು, ಮಿಲ್ ಕೆಲಸದವರು, ಕಾಲೇಜು ಹುಡುಗಿಯರು, ರಸಬಾಳೆ ಗೊನೆ ಹೊತ್ತವರು, ವೀಳ್ಯದೆಲೆಯ ಪಿಂಡಿಯವರು ಎಲ್ಲರನ್ನೂ ಎಳೆದುಕೊಂಡು ಗಿಡ್ಡಿ ಮೈಸೂರಿಗೆ ಹೋಗುತ್ತಿದ್ದಳು. ಅಲ್ಲಿ ತಿರುಗಿಸುವ ಗೋಜೇ ಇಲ್ಲ. ಸಂಜೆ ಹಿಂದುಮುಂದಾಗಿಯೇ ವಾಪಸು ಬರುತ್ತಿದ್ದಳು. ಸೊಸೆ ಮುನಿಸಿಕೊಂಡು ಮನೆಯೊಳಕ್ಕೆ ಬೆನ್ನು ಮಾಡಿ ಬಂದ ಹಾಗೆ ಎಂದು ಮಹದೇವಯ್ಯ ನಗುತ್ತಿದ್ದ.

ಆ ಇಪ್ಪತ್ತೆರಡು ವರ್ಷದಲ್ಲಿ ಅವನ ಎಡಗಿವಿ ಹೋಯಿತು. ಒಂದು ಪಾಠ ಮಾತ್ರ ಮೈಯಲ್ಲಿ ಉಳಿಯಿತು: ನೀರಿಲ್ಲದ ಬಾಯ್ಲರಿಗೆ ಬೆಂಕಿ ತೋರಿಸಬಾರದು. ತೋರಿಸಿದರೆ ಒಲೆಯ ತಲೆ, ಅಂದರೆ ಅದರ ನೆತ್ತಿಯ ತಗಡು, ಕರಗಿ ಎಂಜಿನ್ನು ಸಾಯುತ್ತದೆ, ಒಳಗಿದ್ದವರೂ ಸಾಯುತ್ತಾರೆ. ಇದು ಅವನಿಗೆ ಎಷ್ಟು ಹಿಡಿದಿತ್ತೆಂದರೆ, ಹೆಂಡತಿ ಮಂಗಳಮ್ಮ ಖಾಲಿ ಪಾತ್ರೆ ಒಲೆಯ ಮೇಲಿಟ್ಟು ಅಕ್ಕಿ ತೊಳೆಯಲು ಕೂತರೆ ಸಾಕು, ಎದ್ದು ಹೋಗಿ ಒಂದು ಲೋಟ ನೀರು ಸುರಿದು ಬರುತ್ತಿದ್ದ. "ಒಗ್ಗರಣೆಗಿಟ್ಟ ಬಾಣ್ಲೆಗೂ ನೀರು ಉಯ್ದವ್ನೆ ಈ ಮಾರಾಯ," ಎಂದು ಮಂಗಳಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು.

ತೊಂಬತ್ಮೂರರಲ್ಲಿ ಗಿಡ್ಡಿಯನ್ನು ನಿಲ್ಲಿಸಿದರು. ಪಕ್ಕದ ಹಳಿಯ ಮೇಲೆ ಎಕ್ಕದ ಗಿಡಗಳ ನಡುವೆ ಹನ್ನೊಂದು ವರ್ಷ ನಿಂತಳು. ಮೈಮೇಲಿನ ತಗಡು, ಹಿತ್ತಾಳೆಯ ಸೀಟಿ, ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ, ಒತ್ತಡ ತೋರಿಸುವ ಗಡಿಯಾರ, ಒಂದೊಂದೇ ಕಳ್ಳರ ಪಾಲಾದವು. ಎರಡು ಸಾವಿರದ ನಾಲ್ಕರಲ್ಲಿ ಬ್ರಾಡ್‌ಗೇಜಿನ ದೊಡ್ಡ ಹಳಿ ಬರುತ್ತದೆಂದು ಸುದ್ದಿಯಾಗಿ ಹರಾಜು ಕೂಗಿದಾಗ, ಗುಜರಿಯವರ ಬಾಯಿಂದ ಅವಳನ್ನು ಕಿತ್ತುಕೊಂಡದ್ದು ತಿ. ನರಸೀಪುರದ ಸಂಗಮ ಉದ್ಯಾನ ಸಮಿತಿ. ಹೊಳೆದಂಡೆಯ ಪಾರ್ಕಿನಲ್ಲಿ ಕಟ್ಟೆ ಕಟ್ಟಿಸಿ, ಟ್ರೇಲರಿನಲ್ಲಿ ಹೊತ್ತು ತಂದು ಕೂರಿಸಿದರು. "ನರಸೀಪುರಕ್ಕೆ ರೈಲು ಬಂತು ಕಣ್ರೀ, ಹಳಿ ಆಮೇಲೆ ಬತ್ತದಂತೆ," ಎಂದು ಬಸ್ಸುಗಳಲ್ಲೆಲ್ಲ ಜನ ನಕ್ಕಿದ್ದೇ ನಕ್ಕಿದ್ದು.

ಸಮಿತಿಯ ಅಧ್ಯಕ್ಷರು ಅಕ್ಕಿ ಗಿರಣಿಯ ಸಿದ್ದಮಲ್ಲಪ್ಪನವರು. ಅವರೇ ನಾಗೇಂದ್ರನನ್ನು ಕರೆಸಿ ಕೆಲಸ ಒಪ್ಪಿಸಿದ್ದು. "ನೋಡಯ್ಯ, ಎಲ್ಲೆಲ್ಲಿ ತೂತು ಕಾಣುತ್ತೋ ಅಲ್ಲೆಲ್ಲ ಮುಚ್ಚಿಬಿಡು. ಎಲ್ಲೆಲ್ಲಿ ಹಿತ್ತಾಳೆ ಉಳಿದಿದೆಯೋ ಕಿತ್ತು ನನ್ನ ಕೈಗೆ ಕೊಡು. ಇನ್ನು ಕಳ್ಳ ನನ್ನ ಮಕ್ಕಳು ಒಂದು ಬೆರಳೂ ತೂರಿಸಬಾರದು."

ಜನವರಿಯಲ್ಲಿ ಮಹದೇವಯ್ಯ ನೆಂಟರ ಮನೆಗೆಂದು ಚಿಕ್ಕಯ್ಯನಛತ್ರಕ್ಕೆ ಹೋಗಿದ್ದ ಎರಡು ದಿನದಲ್ಲಿ ನಾಗೇಂದ್ರ ಕೆಲಸ ಮುಗಿಸಿದ. ಬೇಕೆಂದೇ ಆ ದಿನಗಳನ್ನು ಆರಿಸಿದ್ದ. ಗಿಡ್ಡಿಯ ಮೈಮೇಲೆ ಮಗ ಬೆಂಕಿ ಹಿಡಿಯುವುದನ್ನು ಅಪ್ಪ ನೋಡಲಾರ. ಬಾಯ್ಲರಿನ ನೆತ್ತಿಯಲ್ಲಿ ಎರಡು ಸೇಫ್ಟಿ ವಾಲ್ವುಗಳಿದ್ದವು, ಹಿತ್ತಾಳೆಯವು. ಅವನ್ನು ಕಿತ್ತು, ಆ ಬಾಯಿಗಳ ಮೇಲೆ ಅರ್ಧ ಇಂಚಿನ ಪ್ಲೇಟು ಕೂರಿಸಿ ಸುತ್ತ ಬೆಸೆದ. ಸೀಟಿಯ ಕೊಳವೆ, ಕೆಳಗಿನ ನೀರು ಬಿಡುವ ನಲ್ಲಿ, ಗಾಜಿನ ಕೊಳವೆ ಇದ್ದ ತೂತುಗಳು, ಯಾವುದನ್ನೂ ಬಿಡಲಿಲ್ಲ. ಮೇಲೆ ತಗಡಿನ ಟೋಪಿ ಮುಚ್ಚಿದ. ಪೇಂಟರು ಬಂದು ಟೋಪಿಗೆ ಬಂಗಾರದ ಬಣ್ಣ ಹೊಡೆದ. ಗಡಿಯಾರ ಇದ್ದ ಜಾಗದಲ್ಲಿ ಒಂದು ತಗಡಿನ ಬಿಲ್ಲೆ ಅಂಟಿಸಿ, ಅಂಕಿ ಬರೆದು, ಮುಳ್ಳನ್ನೂ ಬರೆದ. ಮುಳ್ಳು ತೊಂಬತ್ತರ ಮೇಲೆ ನಿಂತಿತ್ತು. ಯಾಕೆ ತೊಂಬತ್ತು ಎಂದರೆ, ಅಲ್ಲಿ ಚೆಂದ ಕಾಣುತ್ತೆ ಅಂದ.

ಜಗಳ ಆದದ್ದು ಆಮೇಲೆ, ಕಲ್ಲಿನ ವಿಷಯಕ್ಕೆ. ಕಟ್ಟೆಯ ಮುಂದೆ ನಿಲ್ಲಿಸಿದ ಗ್ರಾನೈಟ್ ಕಲ್ಲಿನಲ್ಲಿ ಇಪ್ಪತ್ಮೂರು ಹೆಸರು ಕೆತ್ತಿಸಿದ್ದರು. ಅದರಲ್ಲಿ ಇಪ್ಪತ್ತೆರಡು ವರ್ಷ ಅವಳ ಬೆಂಕಿ ಕಾದವನ ಹೆಸರಿರಲಿಲ್ಲ. ನಾಗೇಂದ್ರ ಸಮಿತಿಯ ಆಫೀಸಿಗೆ ನುಗ್ಗಿ ಕುರ್ಚಿ ಒದ್ದು ಬಂದಿದ್ದ. "ನಿಮ್ಮಪ್ಪನ್ನೇ ಅಲ್ವೇನಯ್ಯ ಅವತ್ತು ಹೊಗೆ ಬಿಡೋಕೆ ಕರೀತಿರೋದು? ಅದು ಮರ್ಯಾದೆ ಅಲ್ವಾ?" ಎಂದಿದ್ದರು ಸಿದ್ದಮಲ್ಲಪ್ಪ. ಉದ್ಘಾಟನೆಯ ದಿನ ಮುಖ್ಯ ಅತಿಥಿಗಳು ಕಾರಿನಿಂದ ಇಳಿಯುವಾಗ ಚಿಮಣಿಯಿಂದ ಹತ್ತು ನಿಮಿಷ ಹೊಗೆ ಬರಬೇಕು, ಅಷ್ಟೇ ಕಾರ್ಯಕ್ರಮ. ಒಲೆಯಲ್ಲಿ ಒಂದಿಷ್ಟು ಹಸಿ ಹುಲ್ಲು, ತೆಂಗಿನ ಮಟ್ಟೆ ಸುಟ್ಟರಾಯಿತು ಎಂದೇ ನಾಗೇಂದ್ರನೂ ತಿಳಿದಿದ್ದ.

ಆ ದಿನ ಫೆಬ್ರವರಿಯ ಒಂದು ಭಾನುವಾರ. ನಾಗೇಂದ್ರನಿಗೆ ಹೋಗುವ ಮನಸ್ಸಿರಲಿಲ್ಲ. ಮಂಗಳಮ್ಮ ಊಟದ ಕ್ಯಾರಿಯರ್ ಕೈಗೆ ತುರುಕಿ, "ಬೆಳಗ್ಗೆಯಿಂದ ಒಂದು ಟೀ ಕುಡ್ದಿರ್ತಾನೋ ಇಲ್ವೋ. ಕೊಟ್ಟು ಬಂದ್ಬುಡು. ಯಾರ ತಾವೂ ಬಾಯಿ ಬಿಡ್ಬ್ಯಾಡ," ಎಂದು ಅಟ್ಟಿದಳು. ಬಸ್ಸಿಳಿದು ಪಾರ್ಕಿಗೆ ಬಂದಾಗ ಒಂದೂವರೆ. ಹತ್ತು ಗಂಟೆಗೆ ಬರಬೇಕಿದ್ದ ಅತಿಥಿಗಳು ಇನ್ನೂ ಬಂದಿರಲಿಲ್ಲ. ಶಾಮಿಯಾನದ ಕೆಳಗೆ ಜನ ತೂಕಡಿಸುತ್ತಿದ್ದರು. ಸ್ವಾಗತ ಗೀತೆಗೆಂದು ಕರೆತಂದಿದ್ದ ಶಾಲೆಯ ಮಕ್ಕಳು ಮಾತ್ರ ಎಂಜಿನ್ನಿನ ಮೇಲೆಲ್ಲ ಹತ್ತಿ ಕೂತಿದ್ದರು. ಪಕ್ಕೆಯ ತೊಟ್ಟಿಗಳ ಮೇಲೆ, ಮೆಟ್ಟಿಲ ಮೇಲೆ, ಮುಂದಿನ ಹಲಗೆಯ ಮೇಲೆ, ನಲವತ್ತು ಐವತ್ತು ಮಕ್ಕಳು.

ಚಿಮಣಿಯಿಂದ ಹೊಗೆ ಏಳುತ್ತಿತ್ತು. ನಾಗೇಂದ್ರ ಕ್ಯಾರಿಯರ್ ಹಿಡಿದು ನಿಂತುಬಿಟ್ಟ. ಕೊನೆಯ ಸಲ ಈ ಹೊಗೆ ನೋಡಿದಾಗ ಅವನಿಗೆ ಹನ್ನೆರಡು ವರ್ಷ. ಬಂದ ಸಿಟ್ಟೆಲ್ಲ ಎಲ್ಲೋ ಇಳಿದುಹೋದ ಹಾಗಾಯಿತು.

ಆಗ ಬಾಯ್ಲರಿನ ಹೊಟ್ಟೆಯ ಕೆಳಗೆ ಒಂದು ರಿವೆಟ್ಟಿನ ಪಕ್ಕದಲ್ಲಿ ಒಂದು ಹನಿ ಮೂಡಿತು. ಮೂಡಿ, ಚುಯ್ ಎಂದು ಆರಿಹೋಯಿತು. ಹೊಸ ಬಣ್ಣ ಬಿಸಿಗೆ ಬೆವರುತ್ತಿದೆ ಎಂದುಕೊಂಡ. ಇನ್ನೊಂದು ಹನಿ. ಮತ್ತೊಂದು. ಹತ್ತಿರ ಹೋಗಿ ಬೆರಳಿಟ್ಟ. ಬಣ್ಣ ಅಲ್ಲ, ನೀರು. ಕುದಿಯುವ ನೀರು.

ಎರಡೇ ಹೆಜ್ಜೆಗೆ ಮೆಟ್ಟಿಲು ಹತ್ತಿ ಒಳಗೆ ಹೋದ. ಮಹದೇವಯ್ಯ ಹಳೆಯ ನೀಲಿ ಅಂಗಿ ಹಾಕಿಕೊಂಡು, ತಲೆಗೆ ಕೆಂಪು ವಸ್ತ್ರ ಸುತ್ತಿಕೊಂಡು ಒಲೆಯ ಬಾಗಿಲ ಮುಂದೆ ನಿಂತಿದ್ದ. ಮುಖ ಬೆವರಿನಲ್ಲಿ ಹೊಳೆಯುತ್ತಿತ್ತು. ಹತ್ತು ವರ್ಷ ಚಿಕ್ಕವನಾದಂತೆ ಕಾಣುತ್ತಿದ್ದ.

"ಬಂದ್ಯಾ! ನೋಡ್ಲಾ, ನೋಡು ನಮ್ ಗಿಡ್ಡಿಯಾ!"

"ಅಪ್ಪ, ಬಾಯ್ಲರಲ್ಲಿ ನೀರದಾ?"

"ಆಂ?"

ನಾಗೇಂದ್ರ ಬಲಗಿವಿಯ ಕಡೆ ಬಂದು ಕೂಗಿದ. "ನೀರು! ಒಳಗೆ ನೀರು ಆಕಿದ್ಯಾ?"

"ಆಕ್ದೆ ಇರ್ತೀನಾ? ಒಣ ಬಾಯ್ಲರ್‌ಗೆ ಬೆಂಕಿ ಇಡಕ್ಕೆ ನನಗೇನ್ ಉಚ್ಚಾ? ಇವ್ರೋ, ಹುಲ್ಲು ಸುಡು ಸಾಕು ಅಂದ್ರು. ಅವರಿಗೇನ್ ಗೊತ್ತು. ನೆನ್ನೆ ಸಂಜೆ ಪಾರ್ಕಿನ ಮೋಟಾರ್ ಪೈಪು ಎಳ್ಕಂಬಂದು, ಆ ಪಕ್ಕದ ಬಾಯ್ಲರ್ ತೊಳಿಯೋ ಪ್ಲಗ್ಗು ಬಿಚ್ಚಿ, ಒಲೆ ತಲೆ ಮ್ಯಾಲೆ ನಾಲ್ಕು ಬೆರಳು ನಿಲ್ಲೋಗಂಟ ತುಂಬಿದ್ದೀನಿ. ಆ ಪ್ಲಗ್ಗಿನ ಸ್ಪ್ಯಾನರ್ರು ನಮ್ಮನೇಲೇ ಇತ್ತು ಕಣ್ಲಾ, ಅನ್ನೊಂದು ವರ್ಷದಿಂದ."

"ಏಸೊತ್ತಿಗೆ ಹಚ್ಚಿದೆ?"

"ಏಳಕ್ಕೆ. ಅತ್ತಕ್ಕೆ ಬತ್ತಾರೆ ಅಂದ್ರು. ಈಗ್ ಬಂದ್ರು ಆಗ್ ಬಂದ್ರು ಅಂತ ಸೌದೆ ತುಂಬ್ತಾನೇ ಇವ್ನಿ. ಒಣಗಿದ ಜಾಲಿ ಸೌದೆ, ಒಳ್ಳೆ ಕಾವು."

ಆರೂವರೆ ಗಂಟೆ. ನಾಗೇಂದ್ರ ಅಪ್ಪನ ತೋಳು ಹಿಡಿದ. "ಸ್ಟೀಮು? ಸ್ಟೀಮು ಎಲ್ಲಿಗೋಯ್ತದಪ್ಪ?"

ಮಹದೇವಯ್ಯ ನಕ್ಕ. "ಗಡಿಯಾರ ಇಲ್ದಿದ್ರೇನು, ಎಚ್ಚಾದ್ರೆ ವಾಲು ತಾನೇ ಎತ್ತಿ ಬುಡ್ತದೆ. ಬುಡೋ ಒತ್ತಾಯ್ತು. ನೀನೇ ಎಲ್ಲಾ ಸರಿ ಮಾಡಿದ್ದೀಯಂತಲ್ಲ? ಸಾವ್ಕಾರ್ರು ಯೋಳುದ್ರು, ಎಲ್ಲಾ ನಿನ್ ಮಗನೇ ರಿಪೇರಿ ಮಾಡವ್ನೆ ಅಂತ. ನನ್ ತಾವ ಒಂದ್ ಮಾತಾಡ್ಲಿಲ್ವಲ್ಲೋ, ಕಳ್ಳ. ನೀನ್ ಮಾಡಿದ್ದು ಅಂದ್ಮ್ಯಾಲೆ ನಾನ್ ಮತ್ತೆ ಟೋಪಿ ಬಿಚ್ಚಿ ನೋಡಕ್ಕೇ ಓಗ್ಲಿಲ್ಲ."

ನಾಗೇಂದ್ರ ತನ್ನ ಬದುಕಿನಲ್ಲಿ ಆಡಿದ ಮಾತುಗಳಲ್ಲೆಲ್ಲ ಇಷ್ಟು ಸಣ್ಣ ದನಿಯ ಮಾತು ಇನ್ನೊಂದಿರಲಿಲ್ಲ. ಕಿವುಡನಿಗೂ ಅದು ಕೇಳಿಸಿತು.

"ಅಪ್ಪ, ನಾನು ವಾಲು ಕಿತ್ತಾಕಿ ಪ್ಲೇಟು ಬೆಸ್ದುಬುಟ್ಟಿವ್ನಿ."

"ಯಾವುದಕ್ಕೆ?"

"ಎರಡಕ್ಕೂ."

"ಸೀಟಿ ಪೈಪು?"

"ಅದೂನು."

"ಕೆಳಗಿನ ನಲ್ಲಿ?"

"ಎಲ್ಲಾ ಅಪ್ಪ. ಎಲ್ಲಾನೂ."

ಮಹದೇವಯ್ಯನ ಕೈಯಲ್ಲಿದ್ದ ಸೌದೆ ಗಾಳಿಯಲ್ಲೇ ನಿಂತಿತು. ಅವನ ಕಣ್ಣು ಹಳೆಯ ರೂಢಿಯ ಮೇಲೆ ಗಡಿಯಾರದ ಕಡೆ ಹೋಯಿತು. ಮುಳ್ಳು ತೊಂಬತ್ತರ ಮೇಲೇ ಇತ್ತು, ಪೇಂಟರು ಬರೆದಲ್ಲೇ. ಅವನು ಆ ಸೌದೆಯನ್ನು ಮೆಲ್ಲಗೆ, ಮಲಗಿದ ಮಗುವಿನ ಪಕ್ಕದಲ್ಲಿ ಇಡುವ ಹಾಗೆ, ಕೆಳಗಿಟ್ಟ. ಮುಖದಲ್ಲಿ ಅದುವರೆಗೂ ಇದ್ದ ರಕ್ತವೆಲ್ಲ ಎಲ್ಲಿ ಹೋಯಿತೋ, ಬೂದಿ ಬಳಿದ ಹಾಗಾಯಿತು. ಆದರೆ ಅವನು ಬೈಯಲಿಲ್ಲ. ಅದರಿಂದ ನಾಗೇಂದ್ರನಿಗೆ ಇನ್ನೂ ಭಯವಾಯಿತು.

"ಆ ಪ್ಲಗ್ಗು ಬಿಚ್ಚೋಣ ಅಪ್ಪ, ನೀರು ತುಂಬಿದ್ದು."

"ಈಗ್ ಬಿಚ್ಚಿದ್ರೆ ಗುಂಡಿನಂಗೆ ಎಗರ್ತದೆ. ಬಿಚ್ಚಿದೋನೂ ಇರಲ್ಲ, ಎದುರಿಗಿರೋನೂ ಇರಲ್ಲ."

"ಒಲೆಗೆ ನೀರು ಉಯ್ಯನಾ?"

"ಸೀಳ್ಕತ್ತದೆ. ಮರಳು. ಅಗೋ ಅಲ್ಲಿ ದಾರಿಗೆ ಆಕಿರೋ ಮರಳು, ಅದ್ನ ಒದ್ದೆ ಮಾಡಿ ಬೆಂಕಿ ಮ್ಯಾಲೆ ಆಕ್ಬೇಕು. ಅದ್ನ ನಾನ್ ನೋಡ್ಕತೀನಿ." ಮಹದೇವಯ್ಯ ಆಗಲೇ ಸಲಿಕೆ ಹಿಡಿದಿದ್ದ. "ನೀನು ಮಕ್ಕಳ್ನ ಇಳ್ಸು. ಮೊದ್ಲು ಮಕ್ಕಳ್ನ ಇಳ್ಸೋ!"

"ನೀನೂ ಬಾ."

"ಬೆಂಕಿ ಉರೀತಾ ಬುಟ್ಟು ಇಳಿಯಕ್ಕಾಯ್ತದಾ? ಓಗ್ಲಾ!"

ನಾಗೇಂದ್ರ ಹಾರಿ ಕೆಳಗಿಳಿದ. "ಇಳೀರ್ಲಾ! ಎಲ್ಲಾ ಕೆಳಿಕೆ ಇಳೀರ್ಲಾ! ಸಿಡೀತದೆ!" ಮಕ್ಕಳು ನಕ್ಕರು. ಒಬ್ಬ ಹುಡುಗ ನಾಲಿಗೆ ಚಾಚಿದ. ಎರಡು ಮಕ್ಕಳನ್ನು ರಟ್ಟೆ ಹಿಡಿದು ಇಳಿಸಿದರೆ ಮೂರು ಮಕ್ಕಳು ಆ ಕಡೆಯಿಂದ ಹತ್ತಿದವು. ಇದೊಂದು ಆಟ ಎಂದೇ ಅವು ತಿಳಿದವು. ಟೀಚರಮ್ಮ ಎದ್ದು ಬಂದರು. "ಯಾರ್ರೀ ನೀವು? ಮಕ್ಕಳ ಮೈ ಮುಟ್ಟಬೇಡಿ!" ಅವನು ಏನು ಹೇಳಿದನೋ, ಅವರು ಏನು ಕೇಳಿದರೋ. ಸಾರಾಯಿ ಕುಡಿದಿದ್ದಾನೆ ಎಂದು ಯಾರೋ ಹಿಂದಿನಿಂದ ಅಂದರು.

ಅಷ್ಟರಲ್ಲಿ ಸಿದ್ದಮಲ್ಲಪ್ಪನವರೇ ಬಂದರು. ಜರತಾರಿ ಅಂಚಿನ ಮೈಸೂರು ಪೇಟ, ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ. "ಓಹೋ, ಬಂದೇಬಿಟ್ಯಾ? ಬೆಳಗ್ಗೆಯಿಂದ ಕಾಯ್ತಿದ್ದೆ ಕಣಯ್ಯ, ಇನ್ನೂ ಯಾಕೆ ಗಲಾಟೆ ಶುರುವಾಗ್ಲಿಲ್ಲ ಅಂತ."

"ಸಾ, ಒಳಗೆ ನೀರದೆ ಸಾ. ಆರೂವರೆ ಗಂಟೆಯಿಂದ ಕುದೀತಾ ಅದೆ. ಸ್ಟೀಮು ಓಗಕ್ಕೆ ಜಾಗ ಇಲ್ಲ. ಸಿಡೀತದೆ ಸಾ!"

"ಸಿಡಿಯುತ್ತಾ? ನೀನೇ ತಾನೆ ವೆಲ್ಡಿಂಗ್ ಮಾಡಿದ್ದು? ನನ್ನ ಬೆಸುಗೆ ಬಿಡೋ ಮಾತೇ ಇಲ್ಲ ಅಂತ ಎದೆ ತಟ್ಟಿಕೊಂಡಿದ್ದೆ."

"ಅದ್ಕೇ ಸಾ! ಅದು ಬಿಡಲ್ಲ ಅಂತಾನೇ ಸಾ ಸಿಡಿಯೋದು!"

ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಸಿದ್ದಮಲ್ಲಪ್ಪನವರೂ ನಕ್ಕರು. "ಕಲ್ಲಿನ ಮೇಲೆ ನಿಮ್ಮಪ್ಪನ ಹೆಸರು ಬರಲಿಲ್ಲ ಅಂತ ಇಷ್ಟೆಲ್ಲ ನಾಟಕ ಬೇಡ ಕಣಯ್ಯ. ಸಾಹೇಬರ ಕಾರು ಮೂಗೂರು ದಾಟಿದೆಯಂತೆ. ಹೋಗು, ಆ ಕಡೆ ಕೂತ್ಕೊ, ಊಟ ಮಾಡ್ಕೊಂಡು ಹೋಗು."

ನಾಗೇಂದ್ರ ಒಮ್ಮೆ ತಿರುಗಿ ನೋಡಿದ. ಅಪ್ಪ ಬಾಂಡಲಿಯಲ್ಲಿ ಮರಳು ಹೊತ್ತು ಮೆಟ್ಟಿಲು ಹತ್ತುತ್ತಿದ್ದ. ತೊಟ್ಟಿಯ ಮೇಲೆ ಎರಡು ಜಡೆಯ ಹುಡುಗಿಯೊಬ್ಬಳು ಕಾಲು ಇಳಿಬಿಟ್ಟು ಕೂತಿದ್ದಳು. ಅವಳ ಹಿಮ್ಮಡಿಯಿಂದ ಎರಡು ಗೇಣು ದೂರದಲ್ಲಿ ರಿವೆಟ್ಟಿನ ಸಾಲು. ಅಲ್ಲಿ ಈಗ ಹನಿ ಇರಲಿಲ್ಲ, ಬಿಳಿಯ ಎಳೆ ಇತ್ತು. ಅವನು ಹುಟ್ಟಿದಾಗಿನಿಂದ ಕಿರುಚಿದ್ದಾನೆ, ಇವತ್ತಿನ ಒಂದು ಕೂಗು ಯಾರಿಗೂ ನಾಟಲಿಲ್ಲ. ನಿಜ ಹೇಳಿದರೆ ಈ ಜನ ಅಲ್ಲಾಡುವುದಿಲ್ಲ. ಇವರನ್ನು ಇಲ್ಲಿಂದ ಎಬ್ಬಿಸುವುದು ಏನು? ನಮ್ಮೂರ ಜನ ಯಾವುದಕ್ಕೆ ಉಂಡ ಎಲೆ ಬಿಟ್ಟು ಎದ್ದು ಓಡುತ್ತಾರೆ?

ಅವನು ಕೈ ಚಾಚಿ ಸಿದ್ದಮಲ್ಲಪ್ಪನವರ ತಲೆಯ ಮೇಲಿದ್ದ ಪೇಟವನ್ನು ಕಿತ್ತುಕೊಂಡ.

ಅವರ ಬೋಳು ತಲೆ ಬಿಸಿಲಿಗೆ ಮಿಂಚಿತು. ನಾಗೇಂದ್ರ ಪೇಟವನ್ನು ಎಲ್ಲರಿಗೂ ಕಾಣುವ ಹಾಗೆ ಮೇಲೆತ್ತಿ, ನೆಲಕ್ಕೆ ಬಡಿದು, ಮತ್ತೆ ಎತ್ತಿಕೊಂಡು, "ಬನ್ರೋ, ಗಂಡಸ್ರಾದ್ರೆ ಈಸ್ಕಳ್ರೋ!" ಎಂದು ಬಸ್ ಸ್ಟ್ಯಾಂಡಿನ ದಿಕ್ಕಿಗೆ ಓಡಿದ.

"ಹಿಡೀರ್ಲಾ ಆ ನನ್ ಮಗನ್ನಾ!"

ಕುರ್ಚಿಗಳು ಉರುಳಿದವು. ಇನ್ನೂರು ಮುನ್ನೂರು ಜನ ಒಟ್ಟಿಗೆ ಎದ್ದರು. ಓಡುತ್ತಲೇ ನಾಗೇಂದ್ರ ಹಿಂದೆ ನೋಡಿದ. ಗಂಡಸರು, ಅವರ ಹಿಂದೆ ಹೆಂಗಸರು, ಅವರೆಲ್ಲರಿಗಿಂತ ಮುಂದೆ ಎಂಜಿನ್ನಿನಿಂದ ದುಮುಕಿದ ಮಕ್ಕಳು, ಹೋ ಎಂದು ಕೂಗುತ್ತ ಬರುತ್ತಿದ್ದವು. ಎರಡು ಜಡೆಯ ಹುಡುಗಿಯೂ ಇದ್ದಳು. ನಾಲಿಗೆ ಚಾಚಿದವನೂ ಇದ್ದ. ಜಗಳ ನೋಡದೆ ಬಿಡುವ ಮಕ್ಕಳು ನರಸೀಪುರದಲ್ಲಿ ಇನ್ನೂ ಹುಟ್ಟಿರಲಿಲ್ಲ.

ಸಿಗಬಾರದು, ಇನ್ನೂ ಸಿಗಬಾರದು ಎಂದು ಓಡಿದ. ಪಾರ್ಕಿನ ಗೇಟು, ತರಕಾರಿ ಗಾಡಿಗಳು, ಸೈಕಲ್ ಅಂಗಡಿ. ಬಸ್ ಸ್ಟ್ಯಾಂಡಿನ ಗೋಡೆಯ ಹತ್ತಿರ ಸಿಕ್ಕಿಬಿದ್ದ. ಮೊದಲ ಏಟು ಬೆನ್ನಿಗೆ, ಎರಡನೆಯದು ಬಾಯಿಗೆ. ಆಮೇಲೆ ಲೆಕ್ಕ ಇಲ್ಲ. ಅವನು ಕೈ ಎತ್ತಲಿಲ್ಲ. ನಾಗೇಂದ್ರ ತಿರುಗಿಸಿ ಹೊಡೆಯದೆ ಏಟು ತಿಂದದ್ದು ಅದೇ ಮೊದಲು. ಕಾಲುಗಳ ಸಂದಿನಿಂದ ಆಕಾಶದ ಒಂದು ತುಂಡು ಕಾಣುತ್ತಿತ್ತು, ಅದರಲ್ಲಿ ಪಾರ್ಕಿನ ಮರಗಳ ಮೇಲೆ ಗಿಡ್ಡಿಯ ಹೊಗೆ. ಕಪ್ಪಗಿದ್ದದ್ದು ಬೂದಿ ಬಣ್ಣಕ್ಕೆ ತಿರುಗಿತ್ತು. ಅಪ್ಪ ಮರಳು ಹಾಕುತ್ತಿದ್ದಾನೆ. ಒಂದು ಬಾಂಡಲಿ. ಇನ್ನೊಂದು ಬಾಂಡಲಿ. ಅವನು ಅದನ್ನೇ ನೋಡುತ್ತಿದ್ದ. ತನ್ನ ಬೆಸುಗೆಗಳನ್ನು ಒಂದೊಂದಾಗಿ ನೆನೆದುಕೊಂಡ. ಎಲ್ಲಿ ಕಡ್ಡಿ ಬದಲಾಯಿಸಿದ್ದೆ, ಎಲ್ಲಿ ಕೈ ನಡುಗಿತ್ತು, ಎಲ್ಲಿ ಅವಸರ ಮಾಡಿದ್ದೆ? ಎಲ್ಲೂ ಮಾಡಿರಲಿಲ್ಲ. ಒಂದು ಕಡೆಯಾದರೂ ಕಳಪೆ ಕೆಲಸ ಮಾಡಿರಬಾರದಿತ್ತೇ ಎಂದು ಅವನು ದೇವರನ್ನಲ್ಲ, ತನ್ನ ಕೈಗಳನ್ನೇ ಬೇಡಿಕೊಂಡ.

ಆಗ ಅದು ಕೇಳಿಸಿತು. ತೆಳ್ಳನೆಯ, ಕಿವಿ ಸೀಳುವ, ಹೆಣ್ಣು ನಾಯಿ ಊಳಿಟ್ಟ ಹಾಗಿನ ಒಂದು ಸದ್ದು. ಹೊಡೆಯುತ್ತಿದ್ದವರ ಕೈ ನಿಂತಿತು. ಸದ್ದು ಏರಿತು, ಏರಿತು, ನಿಲ್ಲಲಿಲ್ಲ. ನಾಗೇಂದ್ರ ಕಣ್ಣು ಮುಚ್ಚಿ ನೆಲಕ್ಕೆ ಮುಖ ಒತ್ತಿದ. ಇನ್ನೇನು, ಇನ್ನೇನು.

ಸಿಡಿಯಲಿಲ್ಲ. ಸೀಟಿಯ ಕೊಳವೆ ಕಳ್ಳರ ಗರಗಸಕ್ಕೆ ಸಿಕ್ಕಿ ಎಂದೋ ಅರ್ಧ ಕೊಯ್ದುಹೋಗಿತ್ತು. ಬೆಸುಗೆಯ ಪಕ್ಕದಲ್ಲೇ ಅದು ಒಡೆದು ಉಗಿ ಹೊರಗೆ ನುಗ್ಗಿತ್ತು. ಸರಿಯಾಗಿ ಅದೇ ಹೊತ್ತಿಗೆ ಮುಖ್ಯ ಅತಿಥಿಗಳ ಕಾರು ಪಾರ್ಕಿನ ಗೇಟಿಗೆ ಬಂದಿತ್ತು. "ಭಲೇ! ಸೀಟಿ ಕೂಡ ಹೊಡೆಯುತ್ತೆ!" ಎಂದು ಅವರು ಚಪ್ಪಾಳೆ ತಟ್ಟಿದರಂತೆ. ಅವರು ತಟ್ಟಿದ್ದಕ್ಕೆ ಉಳಿದವರೂ ತಟ್ಟಿದರು. ಬಸ್ ಸ್ಟ್ಯಾಂಡಿನ ಗೋಡೆಯ ಬಳಿ ಬಿದ್ದಿದ್ದ ನಾಗೇಂದ್ರನಿಗೆ ಆ ಚಪ್ಪಾಳೆಯೂ ಕೇಳಿಸಿತು.

ಠಾಣೆಗೆ ಕರೆದೊಯ್ದವರು ದಫೇದಾರ್ ಪುಟ್ಟಬಸವಯ್ಯ. ನೀರು ಕೊಟ್ಟು, ಬೆಂಚಿನ ಮೇಲೆ ಕೂರಿಸಿ, "ಅಲ್ಲಯ್ಯ, ಕೆನ್ನೆಗಾದ್ರೂ ಹೊಡೀಬಾರದಿತ್ತಾ? ಪೇಟಕ್ಯಾಕೆ ಕೈ ಹಾಕ್ದೆ?" ಎಂದರು. "ಅಪ್ಪ ಎಲ್ಲಿ ಸಾ?" ಎಂದ ನಾಗೇಂದ್ರ.

ಬಿಸಿಲು ಇಳಿಯುವ ಹೊತ್ತಿಗೆ ಮಹದೇವಯ್ಯ ಬಂದ. ಎರಡೂ ಅಂಗೈಗೆ ಬಾಳೆಎಲೆ ಸುತ್ತಿತ್ತು. ಮಗನ ಪಕ್ಕದಲ್ಲಿ ಕೂತ.

"ಯಾಕಪ್ಪ ನೀರು ತುಂಬಿದೆ?" ನಾಗೇಂದ್ರ ಕೇಳಿದ. "ಹೊಗೆ ಬಿಡು ಅಂದ್ರೆ ಹೊಗೆ ಬಿಡ್ಬೇಕಾಗಿತ್ತು! ಒಂದ್ ಮಾತು ನನ್ನ ಕೇಳ್ಬಾರದಾಗಿತ್ತಾ?"

"ನೀನ್ಯಾಕೆ ಮುಚ್ಚಿದೆ? ನೀನ್ ಕೇಳಿದ್ಯಾ?"

"ಕಳ್ಳರು ಅಂದ್ರು, ಮುಚ್ಚು ಅಂದ್ರು, ಮುಚ್ಚಿದೆ."

"ಬೆಂಕಿ ಹಚ್ಚು ಅಂದ್ರು, ಹಚ್ಚಿದೆ."

ಅಷ್ಟೇ. ಆಮೇಲೆ ಮಹದೇವಯ್ಯ ಉಳಿದದ್ದನ್ನು ಹೇಳಿದ. ಸಿದ್ದಮಲ್ಲಪ್ಪನವರು ದೂರು ಕೊಡುವುದಿಲ್ಲವಂತೆ. ಅತಿಥಿಗಳು ಅಷ್ಟು ಸಂತೋಷಪಟ್ಟರಂತೆ. ಅಷ್ಟು ಸಂತೋಷಪಟ್ಟದ್ದರಿಂದ, ಇನ್ನು ಮುಂದೆ ಪ್ರತಿ ಭಾನುವಾರ ಗಿಡ್ಡಿ ಹೊಗೆ ಬಿಟ್ಟು ಸೀಟಿ ಹೊಡೆಯಬೇಕೆಂದು ಪ್ರವಾಸಿಗರ ಮ್ಯಾಪಿನಲ್ಲೇ ಹಾಕಿಸುತ್ತಾರಂತೆ, ಮೈಕಿನಲ್ಲೇ ಹೇಳಿಯೂ ಆಯಿತಂತೆ.

ನಾಗೇಂದ್ರ ಎದ್ದು ನಿಂತ. "ನೀನ್ ಯೋಳ್ಲಿಲ್ವಾ?"

"ಸಾವ್ಕಾರ್ರಿಗೆ ಮೂರ್ ಸಲ ಯೋಳ್ದೆ. ಕೈ ತೋರ್ಸಿ ಯೋಳ್ದೆ. ಇಷ್ಟೊತ್ತು ಏನೂ ಆಗ್ಲಿಲ್ವಲ್ಲಯ್ಯ, ಇನ್ನೇನಾಗ್ತದೆ ಅಂದ್ರು. ಆ ಒಡ್ದಿರೋ ಪೈಪ್ನ ನಿನ್ ಮಗನ ಕೈಲೇ ಗಟ್ಟಿಯಾಗಿ ಬೆಸೆಸಿ ಒಂದು ಸೀಟಿ ಕೂರ್ಸನ ಅಂದ್ರು." ಮಹದೇವಯ್ಯ ನಗಲು ಹೋದ, ಆಗಲಿಲ್ಲ. "ನಾನ್ ಬರಲ್ಲ ಅಂದೆ. ನೀನ್ ಬರ್ದಿದ್ರೆ ವಾಚ್‌ಮನ್ ಕರಿಯಪ್ಪ ಹಚ್ತಾನೆ ಬುಡು, ಬೆಂಕಿ ಹಚ್ಚೋದೇನು ಮಹಾ ವಿದ್ಯೇನಾ ಅಂದ್ರು."

ಆ ಮಾತು ಕೇಳಿ ನಾಗೇಂದ್ರನಿಗೆ ಮಾಮೂಲಿನ ಕೋಪ ಬರಲಿಲ್ಲ. ಮತ್ತೆ ಬೆಂಚಿನ ಮೇಲೆ ಕೂತ. ಮುನ್ನೂರು ಜನರ ನಡುವೆ ಒಂದು ಸಾವು ಬಂದು, ಸೀಟಿ ಹೊಡೆದು, ಹಾರ ಹಾಕಿಸಿಕೊಂಡು ಹೋಗಿತ್ತು. ಮುಂದಿನ ಭಾನುವಾರಕ್ಕೆ ಅದನ್ನೇ ಮತ್ತೆ ಕರೆದಿದ್ದರು.

ಮಾರನೆಯ ದಿನ ಬೆಳಗ್ಗೆ ಏಳಕ್ಕೆಲ್ಲ ಅಪ್ಪ ಮಗ ಪಾರ್ಕಿನ ಗೇಟಿಗೆ ಬಂದರು. ಲಗೇಜ್ ಆಟೋದಲ್ಲಿ ಗ್ಯಾಸ್ ಸಿಲಿಂಡರುಗಳು, ಕಟರ್ರು, ಉದ್ದ ಪೈಪು. ಕರಿಯಪ್ಪ ಹಲ್ಲುಜ್ಜುತ್ತಾ ಬಂದ. "ಇದೇನ್ರಪ್ಪ ಸೋಮಾರದ ದಿನ?"

"ಸಾವ್ಕಾರ್ರು ಪೈಪು ರಿಪೇರಿ ಅಂದಿದ್ರು," ಎಂದ ಮಹದೇವಯ್ಯ. ಸುಳ್ಳೇನೂ ಅಲ್ಲ.

ಸ್ಪ್ಯಾನರ್ರು ಹಾಕಿ ತಳದ ಪ್ಲಗ್ಗು ಬಿಚ್ಚಿದ. ತುಕ್ಕಿನ ಬಣ್ಣದ ನೀರು, ಇನ್ನೂ ಉಗುರುಬೆಚ್ಚಗಿದ್ದದ್ದು, ಗಳಗಳನೆ ಸುರಿದು ಕಟ್ಟೆಯಿಂದ ಇಳಿದು ಹೊಳೆಯ ಕಡೆ ಹರಿಯಿತು. ನೀರು ನಿಲ್ಲುವ ತನಕ ಇಬ್ಬರೂ ಬೀಡಿ ಸೇದುತ್ತ ಕೂತರು. ಅಪ್ಪನ ಎದುರಿಗೆ ನಾಗೇಂದ್ರ ಬೀಡಿ ಹಚ್ಚಿದ್ದು ಅದೇ ಮೊದಲು. ಅಪ್ಪನೇ ಕೊಟ್ಟಿದ್ದ.

ಮಹದೇವಯ್ಯ ಎದ್ದ. ಎಲೆ ಸುತ್ತಿದ ಅಂಗೈಯನ್ನು ಬಾಯ್ಲರಿನ ಮೇಲಿಟ್ಟು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸವರುತ್ತ ನಡೆದ, ಸಂತೆಯಲ್ಲಿ ಎತ್ತಿನ ಪಕ್ಕೆ ನೋಡುವವನ ಹಾಗೆ. ಒಂದು ಜಾಗದಲ್ಲಿ ನಿಂತು ಜೇಬಿನಿಂದ ಸೀಮೆಸುಣ್ಣ ತೆಗೆದ. ಹೊಸ ಹಸಿರು ಬಣ್ಣದ ಮೇಲೆ ತಟ್ಟೆಯಗಲದ ಒಂದು ದುಂಡನ್ನು ಬರೆದ. ಗೆರೆ ಸೊಟ್ಟಗಾಯಿತು. ಅಂಗಿಯ ತೋಳಿನಿಂದ ಒರೆಸಿ ಮತ್ತೆ ಬರೆದ.

"ಇಲ್ಲಿ."

ನಾಗೇಂದ್ರ ಕಟರ್ ಹಿಡಿದು ನಿಂತ. ಕೈ ಬರಲಿಲ್ಲ. "ಅಪ್ಪ, ಇನ್ನೊಂದ್ ಸಲ ಅವರ ತಾವ ಓಗಿ ಮಾತಾಡನ."

"ಮಾತು ಮುಗೀತು. ಕುಯ್ಯಿ."

ನೀಲಿ ಜ್ವಾಲೆ ಕಬ್ಬಿಣಕ್ಕೆ ತಾಗಿತು. ಬಣ್ಣ ಗುಳ್ಳೆ ಎದ್ದು ಸುಟ್ಟಿತು, ಕಬ್ಬಿಣ ಕೆಂಪಾಯಿತು, ಕಿಡಿ ಉಗುಳಿತು. ಕರಿಯಪ್ಪ ಬಾಯಲ್ಲಿನ ನೊರೆ ಉಗುಳಿ, "ಅಯ್ಯಯ್ಯೋ, ಏನ್ ಮಾಡ್ತಿದ್ದೀರ್ಲಾ!" ಎಂದು ಸಿದ್ದಮಲ್ಲಪ್ಪನವರ ಮನೆಯ ಕಡೆ ಓಡಿದ. ನಾಗೇಂದ್ರ ಅವನನ್ನು ನೋಡಲಿಲ್ಲ. ಸುಣ್ಣದ ಗೆರೆಯನ್ನೇ ಹಿಡಿದು ಸುತ್ತು ಬಂದ. ಕೊನೆಯ ಒಂದು ಬೆರಳಗಲ ಉಳಿದಾಗ ಅಪ್ಪ ಮುಖ ತಿರುಗಿಸಿದ್ದು ಅವನಿಗೆ ಗೊತ್ತಾಯಿತು. ಬಿಲ್ಲೆ ಕಳಚಿ ಒಳಗೆ ಬಿದ್ದು, ಬಾಯ್ಲರಿನ ಉದ್ದಕ್ಕೂ ಠಣ್ ಎಂದು ಮೊಳಗಿತು.

ನಾಗೇಂದ್ರ ಜ್ವಾಲೆ ಆರಿಸಿ ಕನ್ನಡಕ ಮೇಲೆತ್ತಿದ. ದೂರದಲ್ಲಿ ಗೇಟಿನ ಬಳಿ ಆಗಲೇ ಕೂಗು ಕೇಳಿಸುತ್ತಿತ್ತು. "ಬಾ ಅಪ್ಪ, ಆಯ್ತಲ್ಲ, ಓಗನ."

"ಎಲ್ಲಾಯ್ತು?" ಮಹದೇವಯ್ಯ ಎರಡು ಮಾರು ಆಚೆ ಹೋಗಿ ಬಗ್ಗಿ ನಿಂತಿದ್ದ. "ಒಂದೇ ತೂತಾದ್ರೆ ನಿನ್ನಂಥೋನೊಬ್ಬ ಬಂದು ಒಂದೇ ದಿನಕ್ಕೆ ಮುಚ್ಚಿಬುಡ್ತಾನೆ."

ಅವನು ಎರಡನೆಯ ದುಂಡು ಬರೆಯತೊಡಗಿದ. ನಾಗೇಂದ್ರ ಕನ್ನಡಕ ಇಳಿಸಿಕೊಂಡ.